ಮೂರಿಂಚಿನ 1911: ಕೈಗೆ ಹಿತ, ತೋಟಾ ನುಂಗೋಕೆ ಮಾತ್ರ ಹಟ

ಮೊದಲೇ ಹೇಳಿಬಿಡುತ್ತೇನೆ, ಈ ಪಿಸ್ತೂಲು ನನಗೆ ತುಂಬಾ ಇಷ್ಟ. ಆದರೂ ನೀವೂ ತಗೊಳ್ಳಿ ಅಂತ ಹೇಳಲಾರೆ. ಒಂಬತ್ತು ತಿಂಗಳಿಂದ ನನ್ನ ಹತ್ತಿರ ಇದೆ. ಸೆಕೆಂಡ್ ಹ್ಯಾಂಡ್. 1911 ಮಾದರಿ, .45 ಎಸಿಪಿ, ನಳಿಗೆ ಬರೀ 3 ಇಂಚು. ಕಂಪನಿಯ ಹೆಸರು ಬರೆಯುವುದಿಲ್ಲ. ನನಗೆ ಸಿಕ್ಕಿದ ಒಂದೇ ಒಂದು ಪೀಸ್ ನೋಡಿ ಕಂಪನಿಗೆ ಬಯ್ಯುವುದು ಸರಿಯಲ್ಲ. ಅಲ್ಲದೆ ಇದರ ತೊಂದರೆಯಲ್ಲಿ ಅರ್ಧ ಆ ಅಳತೆಯ ಜೊತೆಗೇ ಬಂದದ್ದು.

ನಾನಿರುವುದು ಟೆಕ್ಸಾಸ್‌ನಲ್ಲಿ, ಊರು ಮಲೆನಾಡು. ಮನೆಯಲ್ಲಿ ಒಂದು ಜೋಡು ನಳಿಗೆ ತೋಟಾ ಕೋವಿ ಇತ್ತು. ಕಾಡುಹಂದಿ ಗದ್ದೆ ಹಾಳು ಮಾಡಬಾರದು ಅಂತ ಲೈಸೆನ್ಸ್ ಮಾಡಿಸಿದ್ದು. ಚುನಾವಣೆ ಬಂತು ಅಂದರೆ ಅಪ್ಪ ಅದನ್ನು ಹಳೇ ಕಂಬಳಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಿದ್ದರು. ಆ ಕೋವಿಯನ್ನು ಮಡಚಬೇಕು, ಎರಡು ತೋಟಾ ಕೈಯಿಂದಲೇ ತುಂಬಬೇಕು, ಮುಚ್ಚಬೇಕು. ಅಷ್ಟೇ. ಸಿಕ್ಕಿಕೊಳ್ಳೋಕೆ ಅದರಲ್ಲಿ ಜಾಗವೇ ಇಲ್ಲ. ಪಿಸ್ತೂಲಿನಲ್ಲಿ ಆ ಕೈಯ ಕೆಲಸವನ್ನು ಒಂದು ಸ್ಪ್ರಿಂಗು, ಹಿಂದೆ ಮುಂದೆ ಜಾರುವ ಮೇಲ್ಭಾಗವಾದ ಒಂದು ಸ್ಲೈಡು, ಒಂದು ಸಣ್ಣ ಏರು ಸೇರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಬೇಕು ಅನ್ನುವುದು ದುಡ್ಡು ಕೊಟ್ಟ ಮೇಲೆ ತಲೆಗೆ ಹೋಯಿತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. 1911ರ ಟ್ರಿಗರ್‌ಗೆ ಸಾಟಿ ಇಲ್ಲ. ತಿರುಗುವುದಿಲ್ಲ, ನೇರವಾಗಿ ಹಿಂದಕ್ಕೆ ಜಾರುತ್ತದೆ, ಸ್ವಲ್ಪ ಒತ್ತಿದರೆ ಟಕ್ ಅಂತ ಬಿಡುತ್ತದೆ. ಮೈ ತೆಳು, ನನ್ನಂಥ ಸಣ್ಣ ಕೈಯವರಿಗೂ ಹಿಡಿತ ಸಿಗುತ್ತದೆ. ಅಂಗಡಿಯಲ್ಲಿ ಹಿಡಿದ ತಕ್ಷಣ ಮನಸ್ಸು ಸೋತಿತ್ತು. ಪಕ್ಕದ ಗಾಜಿನಡಿ 5 ಇಂಚಿನದೂ ಇತ್ತು, ಸುಮ್ನೆ ದೊಡ್ಡದು ಯಾಕೆ ಅಂತ ಬಿಟ್ಟೆ. ಆ ತಪ್ಪು ನನ್ನದೇ.

ಮೊದಲ ದಿನ ರೇಂಜಿಗೆ ಹೋದಾಗ ದುಂಡು ಮೂತಿಯ ಮಾಮೂಲಿ ತೋಟಾ ಹಾಕಿದೆ, ಚೆನ್ನಾಗೇ ಓಡಿತು. ಎರಡನೇ ಡಬ್ಬಿ ಹಾಲೋ ಪಾಯಿಂಟ್. ಅದರ ಮೂತಿ ಮೊಂಡು, ಮಧ್ಯೆ ಗುಳಿ. ಮೂರನೇ ಗುಂಡಿಗೇ ಸ್ಲೈಡ್ ಅರ್ಧಕ್ಕೆ ನಿಂತಿತು. ನೋಡಿದರೆ ತೋಟಾ ಓರೆಯಾಗಿ ಮೂರು ಕಡೆ ಒತ್ತಿಕೊಂಡಿದೆ: ಮೂತಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಮೇಲ್ಗಡೆಗೆ, ಹೊಟ್ಟೆ ನಳಿಗೆಯ ಕೆಳ ಅಂಚಿಗೆ, ಬುಡ ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಗೆ. ಇಲ್ಲಿನವರು ಇದಕ್ಕೆ ಥ್ರೀ ಪಾಯಿಂಟ್ ಜ್ಯಾಮ್ ಅನ್ನುತ್ತಾರೆ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಮ್ಯಾಗಜೀನ್ (ಹಿಡಿಯೊಳಗಿನ ತೋಟಾ ಪೆಟ್ಟಿಗೆ) ಕಿತ್ತು, ಸ್ಲೈಡ್ ಎಳೆದು ಬಿಡಿಸಬೇಕು. ಒಂದು ಸಲ ಆದರೆ ಸರಿ ಬಿಡಿ. ಮೊದಲ 200 ಗುಂಡಿಗೆ 11 ಸಲ ಆಯಿತು. ಹಿಂದಿನ ಯಜಮಾನ ಇದನ್ನು ಯಾಕೆ ಮಾರಿದ ಅಂತ ಐದನೇ ಸಲಕ್ಕೇ ಅರ್ಥವಾಗಿತ್ತು.

ಹೀಗೇಕೆ ಅಂತ ತಿಳಿಯೋಕೆ ಒಳಗಿನ ಕತೆ ಸ್ವಲ್ಪ ಬೇಕು. ಇದು ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ. ಗುಂಡು ಹಾರಿದಾಗ ನಳಿಗೆ, ಸ್ಲೈಡ್ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಸ್ವಲ್ಪ ದೂರ ಹಿಂದೆ ಬರುತ್ತವೆ. ಆಮೇಲೆ ನಳಿಗೆಯ ಕೆಳಗಿರುವ ಚಿಕ್ಕ ಲಿಂಕ್ ಅದರ ಹಿಂಬದಿಯನ್ನು ಕೆಳಕ್ಕೆಳೆಯುತ್ತದೆ, ಕಚ್ಚಿದ್ದು ಬಿಡುತ್ತದೆ, ನಳಿಗೆ ಅಲ್ಲೇ ನಿಲ್ಲುತ್ತದೆ, ಸ್ಲೈಡ್ ಮಾತ್ರ ಹಿಂದಕ್ಕೆ ಹೋಗಿ ಖಾಲಿ ತೋಟಾವನ್ನು ಎಸೆದು, ಬರುವಾಗ ಮ್ಯಾಗಜೀನಿನಿಂದ ಹೊಸದನ್ನು ತಳ್ಳಿಕೊಂಡು ಬರುತ್ತದೆ. ಆ ಹೊಸ ತೋಟಾ ಕೆಳಗಿಂದ ಮೇಲೆ ಹತ್ತಬೇಕು. ಹತ್ತುವ ದಾರಿಗೆ ರ‍್ಯಾಂಪ್ ಅಂತ ಹೆಸರು. 1911ರಲ್ಲಿ ಈ ದಾರಿ ಎರಡು ತುಂಡು. ಕೆಳಗಿನ ತುಂಡು ಫ್ರೇಮಿನಲ್ಲಿ (ಪಿಸ್ತೂಲಿನ ಮೈಯಲ್ಲಿ), ಮೇಲಿನ ತುಂಡು ನಳಿಗೆಯಲ್ಲಿ. ಎರಡರ ನಡುವೆ ಇಂಚಿನ 32ನೇ ಒಂದು ಭಾಗ, ಅಂದರೆ ಸುಮಾರು 0.8 ಮಿಲಿಮೀಟರ್ ಸಂದು ಇರಲೇಬೇಕು.

ಸಂದು ಬಿಟ್ಟರೆ ತೋಟಾ ತಡವರಿಸುವುದಿಲ್ಲವೇ ಅಂತ ನನಗೂ ಅನ್ನಿಸಿತ್ತು. ಆಗುವುದು ಉಲ್ಟಾ. ನಳಿಗೆಯ ಅಂಚು ಒಂದಿಷ್ಟು ಹಿಂದಕ್ಕೆ ಚಾಚಿಕೊಂಡಿದ್ದರೂ ತೋಟಾದ ಮೂತಿ ಅದಕ್ಕೆ ಹೋಗಿ ಗುದ್ದುತ್ತದೆ. ಗುದ್ದಿದ ರಭಸಕ್ಕೆ ನಳಿಗೆ ಸಮಯಕ್ಕೆ ಮುಂಚೆಯೇ ಮುಂದಕ್ಕೆ, ಮೇಲಕ್ಕೆ ಎದ್ದು ಸ್ಲೈಡಿಗೆ ತಾಗಿ ಎಲ್ಲ ಬಿಗಿದುಕೊಳ್ಳುತ್ತದೆ.

ಮ್ಯಾಗಜೀನ್ ಹಾಳಿರಬಹುದು ಅಂತ ಮೊದಲು ಹೊಸದೊಂದು ತಂದೆ. ಹಳೆಯದರ ಸ್ಪ್ರಿಂಗ್ ನಿಜಕ್ಕೂ ಸೋತಿತ್ತು. ಮುಂದಿನ 150 ಗುಂಡಿಗೆ 4 ಜ್ಯಾಮ್. ಉತ್ತಮ, ಆದರೆ ಸಾಲದು. ಕೊನೆಗೆ ಒಬ್ಬ ಗನ್‌ಸ್ಮಿತ್ ಹತ್ತಿರ ಹೋದೆ. ಎಪ್ಪತ್ತು ದಾಟಿದ ಅಜ್ಜ, ಗ್ಯಾರೇಜಿನಲ್ಲೇ ಕೆಲಸ. ಸ್ಲೈಡ್ ಬಿಚ್ಚಿಟ್ಟರು, ನಳಿಗೆಯನ್ನು ಫ್ರೇಮಿನಲ್ಲಿ ಕೂರಿಸಿ ಹೆಬ್ಬೆರಳಲ್ಲಿ ಹಿಂದಕ್ಕೂ ಕೆಳಕ್ಕೂ ಒತ್ತಿ ಹಿಡಿದರು, ಟಾರ್ಚ್ ಬಿಟ್ಟು ನಿನ್ನ ಉಗುರನ್ನು ಕೆಳಗಿಂದ ಮೇಲಕ್ಕೆ ಎಳೆದು ನೋಡು ಅಂದರು. ಎಳೆದೆ. ಸರಿಯಿದ್ದರೆ ಉಗುರು ಸಣ್ಣ ಮೆಟ್ಟಿಲ ಮೇಲೆ ಇಳಿದು ಮುಂದೆ ಹೋಗಬೇಕಂತೆ. ನನ್ನದು ಅಂಚಿಗೆ ಟಕ್ ಅಂತ ಸಿಕ್ಕಿತು. ಆಮೇಲೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಸ್ಲೈಡನ್ನು ನಿಧಾನಕ್ಕೆ ಬಿಟ್ಟರು. ನಳಿಗೆ ಮುಂಚೆಯೇ ಏಳುವುದು ಕಣ್ಣಿಗೇ ಕಾಣಿಸಿತು!

ಅಜ್ಜ ಮುಟ್ಟಿದ್ದು ನಳಿಗೆಯ ಅಂಚನ್ನು ಮಾತ್ರ. ಫ್ರೇಮಿನ ರ‍್ಯಾಂಪ್ ಮುಟ್ಟಲೇ ಇಲ್ಲ. ಅದರ ಕೋನ ಕೆಟ್ಟರೆ ಫ್ರೇಮೇ ಹೋಯಿತು, ನಳಿಗೆಯಾದರೆ ಬದಲಿಸಬಹುದು. ನಳಿಗೆಯಿಂದಲೂ ಜಾಸ್ತಿ ತೆಗೆಯುವಂತಿಲ್ಲ, ತೆಗೆದರೆ ತೋಟಾದ ಬುಡಕ್ಕೆ ಚೇಂಬರಿನ ಆಸರೆ ಕಡಿಮೆಯಾಗಿ ಅಲ್ಲೇ ಸಿಡಿಯುವ ಅಪಾಯ. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಡ್ರಿಲ್ಲಿಗೆ ಪಾಲಿಶ್ ಚಕ್ರ ಸಿಕ್ಕಿಸುವವರಿಗೆ ಈ ಮಾತು. ನನ್ನ ಪೆಟ್ಟಿಗೆಯಲ್ಲೂ ಆ ಚಕ್ರ ಇತ್ತು, ಬಳಸಲಿಲ್ಲ, ಪುಣ್ಯ. ಕೂಲಿ 85 ಡಾಲರ್.

ಇನ್ನು ಗಿಡ್ಡ ನಳಿಗೆಯ ವಿಷಯ. ಮೂಲ 1911ರ ನಳಿಗೆ 5 ಇಂಚು. ಅದಕ್ಕಂತ ಮಾಡಿದ ತೋಟಾದ ಗುಂಡು 230 ಗ್ರೇನ್, ಅಂದರೆ ಸುಮಾರು 15 ಗ್ರಾಂ ತೂಕದ, ದುಂಡು ಮೂತಿಯದು. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ 6000 ಗುಂಡು ಹಾರಿಸಿ ನೋಡಿದಾಗ ಒಂದು ಸಲವೂ ನಿಲ್ಲಲಿಲ್ಲ, ಅದೇ ತಿಂಗಳ 29ಕ್ಕೆ ಅದನ್ನು ಒಪ್ಪಿಕೊಂಡರು. ಹಾಗಾಗಿ ವಿನ್ಯಾಸ ಕೆಟ್ಟದ್ದು ಅನ್ನೋಕಾಗುವುದಿಲ್ಲ. ಅದನ್ನು 3 ಇಂಚಿಗೆ ಕತ್ತರಿಸಿದಾಗ ಲೆಕ್ಕ ತಪ್ಪುತ್ತದೆ. ಸ್ಲೈಡ್ ಹಗುರ, ಓಡುವ ದೂರ ಕಮ್ಮಿ, ಸ್ಪ್ರಿಂಗ್ ಗಡುಸು. ಸ್ಲೈಡ್ ಹೋಗಿ ಬರುವಷ್ಟರಲ್ಲಿ ಮ್ಯಾಗಜೀನ್ ಮುಂದಿನ ತೋಟಾವನ್ನು ಮೇಲೆ ತಂದಿರಬೇಕು, ಆ ಸಮಯವೇ ಸಾಲುವುದಿಲ್ಲ. ನಳಿಗೆ ಗಿಡ್ಡವಾದಷ್ಟೂ ಜಾಸ್ತಿ ಓರೆಯಾಗಬೇಕು. ಅದಕ್ಕೇ ಮೂತಿಯ ಬಳಿ ಇರಬೇಕಾದ ಬುಶಿಂಗ್ ಅನ್ನುವ ಬಳೆ ತೆಗೆದು ನಳಿಗೆಯ ತುದಿಯನ್ನೇ ದಪ್ಪ ಮಾಡಿರುತ್ತಾರೆ. ನನ್ನದೂ ಹಾಗೇ.

ಹಟಕ್ಕೆ ಬಿದ್ದು ಎರಡು ಭಾನುವಾರ ರೇಂಜಿನಲ್ಲಿ ಬೇರೆ ಪಿಸ್ತೂಲುಗಳನ್ನು ಬಾಡಿಗೆಗೆ ತಗೊಂಡೆ. ಬೆರೆಟ್ಟಾ 92ರಲ್ಲಿ ನಳಿಗೆ ಓರೆಯಾಗುವುದೇ ಇಲ್ಲ. ಕೆಳಗೊಂದು ಲಾಕಿಂಗ್ ಬ್ಲಾಕ್ ಇಳಿಯುತ್ತದೆ, ನಳಿಗೆ ನೇರವಾಗಿ ಹಿಂದೆ ಮುಂದೆ ಹೋಗುತ್ತದೆ. ತೋಟಾ ಹೆಚ್ಚು ಕಮ್ಮಿ ಸೀದಾ ಒಳಗೆ. ಸ್ಲೈಡಿನ ಮೇಲ್ಭಾಗವೂ ತೆರೆದಿರುವುದರಿಂದ ಖಾಲಿ ತೋಟಾ ಸಿಕ್ಕಿಕೊಳ್ಳೋಕೆ ಗೋಡೆಯೇ ಇಲ್ಲ. ಅಷ್ಟೂ ಹಾಲೋ ಪಾಯಿಂಟನ್ನು ಉಪ್ಪಿಟ್ಟಿನ ಹಾಗೆ ನುಂಗಿತು. ಹಿಡಿ ಮಾತ್ರ ನನ್ನ ಕೈಗೆ ಸೌದೆ ತುಂಡಿನಷ್ಟು ದಪ್ಪ. ಗ್ಲಾಕ್ 17ರಲ್ಲಿ ನಳಿಗೆ ಓರೆಯಾಗುತ್ತದೆ, ಆದರೆ ರ‍್ಯಾಂಪ್ ಪೂರ್ತಿ ನಳಿಗೆಯದೇ ಭಾಗ, ಸಂದಿನ ರಗಳೆ ಇಲ್ಲ. ಅದೂ ನಿಲ್ಲಲಿಲ್ಲ. ಟ್ರಿಗರ್ ಒತ್ತಿದರೆ ಹಳೇ ಸ್ಟೇಪ್ಲರ್ ಒತ್ತಿದ ಹಾಗೆ, ಇದು ನನ್ನ ಅಭಿಪ್ರಾಯ, ಜಗಳ ಬೇಡ.

ಒಂದೇ ತುಂಡಿನ ರ‍್ಯಾಂಪ್ ಗ್ಲಾಕ್‌ನವರು ಕಂಡುಹಿಡಿದದ್ದೇನಲ್ಲ. ಬ್ರೌನಿಂಗ್ ಶುರು ಮಾಡಿ, 1926ರಲ್ಲಿ ಅವರು ತೀರಿಕೊಂಡ ಮೇಲೆ ಬೆಲ್ಜಿಯಂನ ದ್ಯೂದೊನೆ ಸೇವ್ ಮುಗಿಸಿದ ಹೈ ಪವರ್ ಪಿಸ್ತೂಲು 1935ರಲ್ಲಿ ಬಂತು. ಅದರಲ್ಲೇ ಲಿಂಕ್ ಹೋಗಿ ಅದೇ ಕೆಲಸ ಮಾಡುವ ಓರೆ ಜಾಡು, ಅಂದರೆ ಕ್ಯಾಮ್, ಬಂದಿತ್ತು, ರ‍್ಯಾಂಪ್ ನಳಿಗೆಗೆ ಸೇರಿತ್ತು. ನಮ್ಮ ಸೇನೆಯವರ ಸೊಂಟದಲ್ಲಿ ಕಾಣುವ ಬಂಗಾಳದ ಇಶಾಪುರ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು ಇದರದೇ ತಮ್ಮ. ಹಳೇ ಹೈ ಪವರ್‌ಗಳ ರ‍್ಯಾಂಪಿನಲ್ಲಿ ಸಣ್ಣದೊಂದು ಗೂನು ಇರುತ್ತದೆ, ಮೊಂಡು ಮೂತಿಗೆ ಅದೂ ಮುನಿಸಿಕೊಳ್ಳುತ್ತದೆ.

ಊರಲ್ಲಿ .32 ಪಿಸ್ತೂಲು ಇಟ್ಟುಕೊಂಡಿರುವ ಸಂಬಂಧಿಕರೊಬ್ಬರು ತಮ್ಮದೂ ಸಿಕ್ಕಿಕೊಳ್ಳುತ್ತದೆ ಅಂದರು. ಅವರದು ರ‍್ಯಾಂಪಿನ ತೊಂದರೆ ಅಲ್ಲ. .32 ಎಸಿಪಿ ತೋಟಾದ ಬುಡದಲ್ಲಿ ಸಣ್ಣ ಅಂಚು ಹೊರಗೆ ಚಾಚಿರುತ್ತದೆ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಂಡು ಕೂರುತ್ತವೆ, ಸ್ಲೈಡ್ ಎಷ್ಟು ತಳ್ಳಿದರೂ ಬರುವುದಿಲ್ಲ. ಮೇಲಿನದರ ಅಂಚು ಯಾವಾಗಲೂ ಮುಂದೆ ಇರುವ ಹಾಗೆ ತುಂಬಿ ಅಂದೆ. ಈಗ ಪರವಾಗಿಲ್ಲವಂತೆ.

ನನ್ನದು ಈಗ ಹೇಗಿದೆ ಅಂದರೆ, ರಿಪೇರಿ ಆದ ಮೇಲೆ 300 ಗುಂಡು ಹಾರಿಸಿದ್ದೇನೆ. ಒಂದೇ ಒಂದು ಸಲ ನಿಂತಿತು, ಅದೂ ಕೊನೆಯಲ್ಲಿ ಕೈ ಸೋತು ಮಣಿಕಟ್ಟು ಸಡಿಲ ಬಿಟ್ಟಾಗ. ಹಳೇ ಮ್ಯಾಗಜೀನಿನ ತಳಕ್ಕೆ ಗುರುತಿಗೆ ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಳಿದು ಪಕ್ಕಕ್ಕಿಟ್ಟಿದ್ದೇನೆ. ಐದರಲ್ಲಿ ಮೂರು ಸ್ಟಾರ್. ಟ್ರಿಗರ್‌ಗೆ ಎರಡು, ಅಜ್ಜನಿಗೆ ಒಂದು. 1911 ಬೇಕೇ ಬೇಕು ಅನ್ನುವವರು 5 ಇಂಚಿನದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯವರನ್ನು ಕೇಳಿ, ಬಿಚ್ಚಿಸಿ, ಆ ಸಂದಿನ ಮೇಲೆ ಉಗುರು ಎಳೆದು ನೋಡಿ. ಒಪ್ಪದಿದ್ದರೆ ಎದ್ದು ಬನ್ನಿ.

ಅಪ್ಪನಿಗೆ ಫೋನಿನಲ್ಲಿ ಇಷ್ಟೂ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಎಂತದು ಮಾರಾಯ, ಅಷ್ಟು ದುಡ್ಡು ಕೊಟ್ಟು ತಗೊಂಡಿದ್ದಕ್ಕೆ ತೋಟಾ ತಿನ್ನೋದನ್ನೂ ಕಲಿಸಬೇಕಾ?" ಅಂದರು.