ನಾಲ್ಕು ವರ್ಷ ಸ್ಕ್ರೀಮಿಂಗ್ ಫ್ರಾಗ್ ಬಳಸಿದ ಮೇಲೆ: ಪ್ರತಿಸ್ಪರ್ಧಿಗಳ ಅಚ್ಚಿನ ಪುಟಗಳನ್ನು ಓದಲು ಇದು ಎಷ್ಟು ಒದಗುತ್ತದೆ

ಹುಬ್ಬಳ್ಳಿಯ ಸಣ್ಣ ಟ್ಯಾಕ್ಸಿ ಸೇವೆಯೊಂದರ ವೆಬ್‌ಸೈಟನ್ನು ನೋಡಿಕೊಳ್ಳುವುದು ನನ್ನ ಕೆಲಸ. ಊರಿಂದ ಊರಿಗೆ ಹೋಗುವವರು ಗೂಗಲ್‌ನಲ್ಲಿ ಹುಡುಕಿದಾಗ ಯಾರ ಪುಟ ಮೊದಲು ಕಾಣುತ್ತದೆ ಎಂಬುದರ ಮೇಲೆ ನಮ್ಮ ಬುಕಿಂಗ್ ನಿಂತಿರುವುದರಿಂದ, ಪ್ರತಿಸ್ಪರ್ಧಿಗಳು ಏನು ಮಾಡುತ್ತಿದ್ದಾರೆಂದು ಗಮನಿಸುತ್ತಿರುವುದೂ ಆ ಕೆಲಸಕ್ಕೇ ಸೇರಿದೆ. ಇದಕ್ಕಾಗಿ 2021ರ ಕೊನೆಯಿಂದ ಸ್ಕ್ರೀಮಿಂಗ್ ಫ್ರಾಗ್ ಎಸ್‌ಇಒ ಸ್ಪೈಡರ್ (ಎಸ್‌ಇಒ ಎಂದರೆ ಹುಡುಕಾಟದಲ್ಲಿ ಪುಟವನ್ನು ಮೇಲೆ ತರುವ ಕೆಲಸ) ಎಂಬ ತಂತ್ರಾಂಶವನ್ನು ಹಣ ಕೊಟ್ಟು ಬಳಸುತ್ತಿದ್ದೇನೆ. ಇಂಗ್ಲೆಂಡಿನ ಕಂಪನಿಯೊಂದು ತಯಾರಿಸುವ ಇದನ್ನು ನಮ್ಮ ಕಂಪ್ಯೂಟರಿನಲ್ಲಿಯೇ ಹಾಕಿಕೊಳ್ಳಬೇಕು. ಒಂದು ಸೈಟಿನ ವಿಳಾಸ ಕೊಟ್ಟರೆ ಅದು ಕೊಂಡಿಯಿಂದ ಕೊಂಡಿಗೆ ಹೋಗುತ್ತ, ಸಿಕ್ಕ ಪ್ರತಿ ಪುಟದ ಶೀರ್ಷಿಕೆ, ವಿವರಣೆ, ಉಪಶೀರ್ಷಿಕೆ, ಪದಗಳ ಸಂಖ್ಯೆ ಮುಂತಾದವುಗಳನ್ನು ಸಾಲು ಸಾಲಾಗಿ ಕೋಷ್ಟಕದಲ್ಲಿ ತುಂಬುತ್ತದೆ. ಬಹುಪಾಲು ಜನ ಇದನ್ನು ತಮ್ಮದೇ ಸೈಟಿನ ಮುರಿದ ಕೊಂಡಿಗಳನ್ನು ಹುಡುಕಲು ಬಳಸುತ್ತಾರೆ. ಆ ಬಳಕೆಯ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ಬೇರೆಯವರ ಸೈಟಿನಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಸಾವಿರಾರು ಪುಟಗಳನ್ನು ಅರ್ಥ ಮಾಡಿಕೊಳ್ಳಲು ಇದು ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಅಚ್ಚಿನ ಪುಟಗಳ ಲೆಕ್ಕ ಮೊದಲ ನೋಟಕ್ಕೆ ಎದೆ ನಡುಗಿಸುವಂಥದ್ದು. ಕರ್ನಾಟಕದ 31 ಜಿಲ್ಲಾ ಕೇಂದ್ರಗಳನ್ನಷ್ಟೇ ತೆಗೆದುಕೊಂಡು 'ಈ ಊರಿನಿಂದ ಆ ಊರಿಗೆ ಟ್ಯಾಕ್ಸಿ' ಎಂದು ಪುಟ ಮಾಡುತ್ತ ಹೋದರೆ 930 ಪುಟಗಳಾಗುತ್ತವೆ. ಊರುಗಳನ್ನು 100ಕ್ಕೆ ಏರಿಸಿದರೆ ಪುಟಗಳು 9,900. ಅದಕ್ಕೆ ಕಾರಿನ ಬಗೆಯನ್ನೂ, ಒಂದು ಕಡೆಯ ಪ್ರಯಾಣ, ಹೋಗಿಬರುವ ಪ್ರಯಾಣ ಎಂಬ ಭೇದವನ್ನೂ ಸೇರಿಸಿದರೆ ಲಕ್ಷ ದಾಟಲು ತಡವಿಲ್ಲ. ಇಷ್ಟಕ್ಕೂ ಬೇಕಾಗುವುದು ಊರುಗಳ ಒಂದು ಪಟ್ಟಿ, ಪುಟಕ್ಕೆ ಅಚ್ಚಾಗುವ ಒಂದು ಟೆಂಪ್ಲೇಟ್ ಮತ್ತು ಒಬ್ಬ ಪ್ರೋಗ್ರಾಮರ್. ನಮ್ಮ ಎದುರಾಳಿ ಸೈಟ್‌ಗಳ ಪುಟಗಳ ಸಂಖ್ಯೆಯನ್ನು ಮೊದಲ ಸಲ ಕಂಡಾಗ, ನಾವೂ ಹಾಗೆಯೇ ಮಾಡಬೇಕೆಂಬ ಆತುರ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಬಂದಿತ್ತು. ಅದನ್ನು ತಣಿಸಿದ್ದು ಈ ತಂತ್ರಾಂಶ.

ಉಚಿತ ಆವೃತ್ತಿ 500 ಯುಆರ್‌ಎಲ್‌ಗಳಿಗೆ, ಅಂದರೆ ಪುಟದ ವಿಳಾಸಗಳಿಗೆ, ನಿಂತುಬಿಡುತ್ತದೆ. ಅದರಲ್ಲಿ ಕ್ರಾಲ್ ಅನ್ನು, ಅಂದರೆ ಒಂದು ಸೈಟನ್ನು ಸುತ್ತಿ ತಂದ ಕೋಷ್ಟಕವನ್ನು, ಉಳಿಸಿಡುವಂತಿಲ್ಲ. ಪುಟದೊಳಗಿನ ಬೇಕಾದ ಭಾಗವನ್ನು ಹೆಕ್ಕಿ ತೆಗೆಯುವ ಸೌಲಭ್ಯವೂ ಇಲ್ಲ. ಇವೆರಡೂ ಇಲ್ಲದೆ ನಾನು ಹೇಳುವ ಯಾವ ವಿಶ್ಲೇಷಣೆಯೂ ಆಗದು. ಆದ್ದರಿಂದ ಈ ಉದ್ದೇಶಕ್ಕೆ ಲೈಸೆನ್ಸ್ ಕೊಳ್ಳುವುದು ಅನಿವಾರ್ಯ. ಲೈಸೆನ್ಸ್ ಒಬ್ಬ ಬಳಕೆದಾರರಿಗೆ ಒಂದು ವರ್ಷದ್ದು. ಪೌಂಡ್ ಲೆಕ್ಕದ ಬೆಲೆ ಸಣ್ಣ ಕಚೇರಿಗೆ ಹಗುರವೇನಲ್ಲ. ಆದರೂ ತಿಂಗಳು ತಿಂಗಳು ಚಂದಾ ಕೇಳುವ ಎಸ್‌ಇಒ ಸೇವೆಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಸಹಿಸಿಕೊಳ್ಳಬಹುದಾದ ಖರ್ಚು.

ಎದುರಾಳಿಯ ಸೈಟನ್ನು ಮುಖಪುಟದಿಂದ ಕ್ರಾಲ್ ಮಾಡುವುದು ಹೊಸಬರು ಮಾಡುವ ತಪ್ಪು, ನಾನೂ ಮಾಡಿದ್ದೆ. ಪ್ರಯಾಣದ ದಿನಾಂಕ ಆರಿಸುವ ಕ್ಯಾಲೆಂಡರ್ ಇರುವ ಸೈಟಿನಲ್ಲಿ ಪ್ರತಿ ದಿನಾಂಕಕ್ಕೂ ಒಂದೊಂದು ಯುಆರ್‌ಎಲ್ ಹುಟ್ಟುತ್ತದೆಂಬುದನ್ನು ಮರೆತು ರಾತ್ರಿಯಿಡೀ ಕ್ರಾಲ್ ಓಡಲು ಬಿಟ್ಟಿದ್ದೆ. ದತ್ತಾಂಶವನ್ನು ಡಿಸ್ಕಿಗೆ ಬರೆಯುವ ಡೇಟಾಬೇಸ್ ವಿಧಾನವನ್ನು ಆರಿಸದೆ ರ್‍ಯಾಮ್‌ನಲ್ಲೇ ಇಟ್ಟುಕೊಳ್ಳುವಂತೆ ಬಿಟ್ಟದ್ದೂ ನನ್ನದೇ ಅಜಾಗ್ರತೆ. ಬೆಳಿಗ್ಗೆ ಬಂದು ನೋಡಿದರೆ ಲ್ಯಾಪ್‌ಟಾಪ್ ಉಸಿರುಗಟ್ಟಿ ಕುಳಿತಿತ್ತು. ಕೈಗೆ ಬಂದದ್ದು ಏನೂ ಇಲ್ಲ. ಈಗ ನಾನು ಶುರು ಮಾಡುವುದು, ಸೈಟು ತನ್ನ ಪುಟಗಳ ವಿಳಾಸಗಳನ್ನು ಪಟ್ಟಿ ಮಾಡಿಡುವ ಸೈಟ್‌ಮ್ಯಾಪ್‌ನಿಂದ. ಕ್ರಾಲ್ ಮಾಡುವ ಯಂತ್ರಗಳು ಎಲ್ಲಿಗೆ ಬರಬಾರದೆಂದು ಸೈಟು ಬರೆದಿಡುವ ರೋಬೋಟ್ಸ್ ಕಡತದಲ್ಲಿ ಸಾಮಾನ್ಯವಾಗಿ ಅದರ ವಿಳಾಸ ಇರುತ್ತದೆ. ಒಂದು ಸೈಟ್‌ಮ್ಯಾಪ್ ಕಡತದಲ್ಲಿ 50,000ಕ್ಕಿಂತ ಹೆಚ್ಚು ಯುಆರ್‌ಎಲ್‌ಗಳನ್ನು ಇಡುವಂತಿಲ್ಲವಾದ್ದರಿಂದ, ದೊಡ್ಡ ಸೈಟ್‌ಗಳು ಅದನ್ನು ಹಲವು ಕಡತಗಳಾಗಿ ಒಡೆದಿರುತ್ತವೆ. ಊರಿನ ಪುಟಗಳು, ಮಾರ್ಗದ ಪುಟಗಳು, ವಿಮಾನ ನಿಲ್ದಾಣದ ಪುಟಗಳು ಎಂದು ಕಡತಗಳಿಗೆ ಅವರೇ ಹೆಸರು ಕೊಟ್ಟಿರುವುದುಂಟು. ಎದುರಾಳಿ ಎಷ್ಟು ಅಚ್ಚುಗಳನ್ನು ಇಟ್ಟುಕೊಂಡಿದ್ದಾನೆ ಎಂಬುದು ಒಂದು ಪುಟವನ್ನೂ ತೆರೆಯದೆ ಅಲ್ಲಿಯೇ ತಿಳಿಯುತ್ತದೆ. ಪ್ರತಿ ಅಚ್ಚಿನಿಂದ ಕೆಲವು ನೂರು ವಿಳಾಸಗಳನ್ನು ಮನಬಂದಂತೆ ಆಯ್ದು, ಕೊಟ್ಟ ಪಟ್ಟಿಯನ್ನಷ್ಟೇ ನೋಡುವ ತಂತ್ರಾಂಶದ ಲಿಸ್ಟ್ ವಿಧಾನಕ್ಕೆ ಕೊಡುತ್ತೇನೆ. ಅನ್ನ ಬೆಂದಿದೆಯೇ ಎಂದು ನೋಡಲು ನಾಲ್ಕು ಅಗುಳು ಸಾಕು. ಇಡೀ ಪಾತ್ರೆಯನ್ನು ಬರಿದು ಮಾಡಬೇಕಿಲ್ಲ.

ಈ ತಂತ್ರಾಂಶಕ್ಕೆ ನಾನು ಹಣ ಕೊಡುತ್ತಿರುವುದು ಮುಖ್ಯವಾಗಿ ಕಸ್ಟಮ್ ಎಕ್ಸ್‌ಟ್ರಾಕ್ಷನ್ ಎಂಬ ಸೌಲಭ್ಯಕ್ಕಾಗಿ. ಎಕ್ಸ್‌ಪಾತ್, ಸಿಎಸ್‌ಎಸ್ ಅಥವಾ ರೆಜೆಕ್ಸ್ ಎಂಬ, ಪುಟದ ಭಾಗವನ್ನು ಗುರುತಿಸುವ ಸೂತ್ರಗಳಲ್ಲಿ ಒಂದನ್ನು ಬಳಸಿ, ಪುಟದ ಯಾವ ಭಾಗವನ್ನು ಹೆಕ್ಕಬೇಕೆಂದು ಹೇಳಿದರೆ ಅದು ಪ್ರತಿ ಪುಟದಿಂದಲೂ ಆ ಭಾಗವನ್ನು ಪ್ರತ್ಯೇಕ ಕಂಬಸಾಲಿನಲ್ಲಿ ತಂದಿಡುತ್ತದೆ. ಮಾರ್ಗದ ಪುಟಗಳಲ್ಲಿ ನಾನು ದೂರ, ದರ, ಪ್ರಯಾಣದ ಅವಧಿ, ಟೋಲ್ ವಿವರ, ಗ್ರಾಹಕರ ಅಭಿಪ್ರಾಯಗಳ ಸಂಖ್ಯೆ, ಪ್ರಶ್ನೋತ್ತರದ ಭಾಗ ಇವಿಷ್ಟನ್ನು ಹೆಕ್ಕುತ್ತೇನೆ. ಆ ಬಳಿಕ ಎಕ್ಸೆಲ್‌ನಲ್ಲಿ ಎರಡೇ ಪ್ರಶ್ನೆ ಕೇಳುತ್ತೇನೆ: ಪ್ರತಿ ಕಂಬಸಾಲಿನಲ್ಲಿ ಎಷ್ಟು ಕೋಶಗಳು ಖಾಲಿ ಇವೆ, ತುಂಬಿರುವ ಕೋಶಗಳಲ್ಲಿ ಎಷ್ಟು ಬೇರೆ ಬೇರೆ ಮೌಲ್ಯಗಳಿವೆ. ಹೊರಗಿನಿಂದ ಭರ್ಜರಿಯಾಗಿ ಕಾಣುತ್ತಿದ್ದ ಒಂದು ಸೈಟಿನಲ್ಲಿ ಈ ಎರಡು ಪ್ರಶ್ನೆಗಳ ಬಳಿಕ ಉಳಿದದ್ದು ದೂರ ಮಾತ್ರ. ದರ ಎಂದರೆ ಆ ದೂರಕ್ಕೆ ಒಂದೇ ಕಿಲೋಮೀಟರ್ ದರವನ್ನು ಗುಣಿಸಿ ಬರೆದದ್ದು. ಅವಧಿ ಎಂದರೆ ಅದೇ ದೂರವನ್ನು ಒಂದೇ ವೇಗದಿಂದ ಭಾಗಿಸಿದ್ದು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಬಯಲುಸೀಮೆಯ ರಸ್ತೆಯಲ್ಲಿ ಹೋಗುವುದಕ್ಕೂ, ಅಂಕೋಲಾಕ್ಕೆ ಅರಬೈಲು ಘಟ್ಟ ಇಳಿದು ಹೋಗುವುದಕ್ಕೂ ಆ ಟೆಂಪ್ಲೇಟಿಗೆ ವ್ಯತ್ಯಾಸವೇ ಇರಲಿಲ್ಲ. ಆ ದಾರಿಯಲ್ಲಿ ಒಮ್ಮೆ ಗಾಡಿ ಓಡಿಸಿದ ಚಾಲಕನಿಗೆ ಗೊತ್ತಿರುವಷ್ಟೂ ಆ ಪುಟಕ್ಕೆ ಗೊತ್ತಿಲ್ಲ. ಇದನ್ನು ಕಂಡ ಮೇಲೆ ಪುಟಗಳ ಸಂಖ್ಯೆಯ ಭಯ ಹೋಯಿತು.

ಈ ಬಗೆಯ ಸೊರಗಿದ ದತ್ತಾಂಶ ನಮ್ಮ ವ್ಯವಹಾರಕ್ಕಷ್ಟೇ ಅಂಟಿದ ರೋಗವಲ್ಲ. ಐಎಫ್‌ಎಸ್‌ಸಿ ಸಂಕೇತಗಳ ಪುಟಗಳನ್ನು ನೋಡಿ. ರಿಸರ್ವ್ ಬ್ಯಾಂಕ್ ಪಟ್ಟಿಯನ್ನು ತಾನೇ ಪ್ರಕಟಿಸುತ್ತದೆ. ಹನ್ನೊಂದು ಅಕ್ಷರದ ಸಂಕೇತ, ಶಾಖೆಯ ಹೆಸರು, ವಿಳಾಸ ಅದರಲ್ಲಿವೆ. ಅದನ್ನೇ ಪ್ರತಿ ಶಾಖೆಗೆ ಒಂದು ಪುಟದಂತೆ ಹರಡಿದ ಸೈಟ್‌ಗಳು ಹಲವಾರು. ಅಭ್ಯಾಸಕ್ಕೆಂದು ಅಂತಹ ಎರಡು ಸೈಟ್‌ಗಳ ಮಾದರಿ ಪುಟಗಳಿಂದ ಮಾಹಿತಿ ಹೆಕ್ಕಿ ಪಕ್ಕಪಕ್ಕ ಇಟ್ಟಾಗ ಬಣ್ಣ, ಜಾಹೀರಾತು ಬಿಟ್ಟರೆ ಬೇರೆ ಭೇದ ಕಾಣಲಿಲ್ಲ.

ಕನ್ನಡದ ಪುಟಗಳ ವಿಷಯದಲ್ಲಿ ಟೆಂಪ್ಲೇಟನ್ನು ಬಯಲು ಮಾಡುವ ಇನ್ನೊಂದು ದಾರಿ ನಮಗಿದೆ; ಅದು ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಸಿಗದ ಅನುಕೂಲ. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಖಾಲಿ ಜಾಗಕ್ಕೆ ತುಂಬಿದರೆ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿನ ಕೊನೆಯ ಸ್ವರವನ್ನು ನೋಡಿಕೊಂಡು ರೂಪ ಬದಲಿಸುತ್ತದೆ: ಧಾರವಾಡದಿಂದ, ಹುಬ್ಬಳ್ಳಿಯಿಂದ, ಮೈಸೂರಿನಿಂದ. ಊರಿನ ಹೆಸರಿಗೆ ಕುರುಡಾಗಿ 'ದಿಂದ' ಅಂಟಿಸುವ ಟೆಂಪ್ಲೇಟ್ 'ಮೈಸೂರುದಿಂದ', 'ಹುಬ್ಬಳ್ಳಿದಿಂದ' ಎಂದು ಬರೆದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ತಂತ್ರಾಂಶದ ಕಸ್ಟಮ್ ಸರ್ಚ್‌ನಲ್ಲಿ 'ರುದಿಂದ', 'ಳ್ಳಿದಿಂದ' ಎಂಬ ತುಣುಕುಗಳನ್ನು ಕೊಟ್ಟರೆ ಅವು ಇರುವ ಪುಟಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಒಂದು ಸೈಟಿನಲ್ಲಿ ಕೈಯಿಂದ ಬರೆದ ಪುಟಗಳು ಯಾವುವು, ಯಂತ್ರ ಅಚ್ಚೊತ್ತಿದವು ಯಾವುವು ಎಂದು ವಿಂಗಡಿಸಲು ಇಷ್ಟು ಸುಲಭದ ಪರೀಕ್ಷೆ ನನಗೆ ಬೇರೆ ಸಿಕ್ಕಿಲ್ಲ. ಕನ್ನಡದ ಪದಸಂಖ್ಯೆಯನ್ನು ಇಂಗ್ಲಿಷ್ ಪುಟದ ಪದಸಂಖ್ಯೆಯೊಂದಿಗೆ ಹೋಲಿಸಿ ಯಾವ ತೀರ್ಮಾನಕ್ಕೂ ಬರಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಇಂಗ್ಲಿಷಿನ ಎರಡು ಮೂರು ಪದಗಳು ನಮ್ಮಲ್ಲಿ ಒಂದೇ ಪದದೊಳಗೆ ಅಡಗಿರುತ್ತವೆ. ಹಾಗಾಗಿ ಕನ್ನಡದ ಒಳ್ಳೆಯ ಪುಟವೂ ಕೋಷ್ಟಕದಲ್ಲಿ ಬಡಕಲಾಗಿ ಕಾಣುತ್ತದೆ.

ಹೆಚ್ಚುಕಡಿಮೆ ಒಂದೇ ರೀತಿ ಇರುವ ಪುಟಗಳನ್ನು ಗುರುತಿಸುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ನಾವೇ ಚಾಲೂ ಮಾಡಬೇಕು. ಕ್ರಾಲ್ ಮುಗಿದ ಮೇಲೆ ಕ್ರಾಲ್ ಅನಾಲಿಸಿಸ್ ಎಂಬುದನ್ನೂ ಓಡಿಸಬೇಕು. ಇದನ್ನು ತಿಳಿಯದೆ, ಖಾಲಿ ಕೋಷ್ಟಕ ನೋಡಿ ಎದುರಾಳಿಯ ಪುಟಗಳೆಲ್ಲ ವಿಶಿಷ್ಟವೆಂದು ನಾನು ಕೆಲವು ದಿನ ನಂಬಿದ್ದುಂಟು. ಶೇ 90ರಷ್ಟು ಹೋಲಿಕೆ ಇದ್ದರೆ ಗುರುತು ಹಾಕುವುದು ತಯಾರಕರು ಇಟ್ಟಿರುವ ಮಿತಿ. ಅಚ್ಚಿನ ಪುಟಗಳ ವಿಶ್ಲೇಷಣೆಗೆ ಆ ಒಂದೇ ಅಂಕಿ ಸಾಲದು; ನಾನು ಮಿತಿಯನ್ನು 95ಕ್ಕೆ, 85ಕ್ಕೆ, 75ಕ್ಕೆ ಬದಲಿಸುತ್ತ ಗುಂಪುಗಳು ಹೇಗೆ ಒಡೆಯುತ್ತವೆ, ಕೂಡುತ್ತವೆ ಎಂದು ನೋಡುತ್ತೇನೆ. ಇಲ್ಲಿ ನಮ್ಮ ರಾಜ್ಯದ್ದೇ ಒಂದು ವಿಶೇಷ ಎದುರಾಯಿತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಬೆಲ್ಗಾಮ್ ಬೆಳಗಾವಿಯಾಯಿತು, ಹುಬ್ಳಿ ಹುಬ್ಬಳ್ಳಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಜನ ಇಂದಿಗೂ ಎರಡೂ ಹೆಸರಿನಿಂದ ಹುಡುಕುತ್ತಾರೆ. ಒಬ್ಬ ಪ್ರತಿಸ್ಪರ್ಧಿ ಹಳೆಯ ಹೆಸರಿಗೊಂದು, ಹೊಸ ಹೆಸರಿಗೊಂದು ಪುಟ ಮಾಡಿದ್ದ. ಎರಡು ತುದಿಯ ಊರುಗಳಿಗೂ ಎರಡೆರಡು ಹೆಸರಿದ್ದರೆ ಒಂದೇ ಮಾರ್ಗಕ್ಕೆ ನಾಲ್ಕು ಪುಟಗಳಾಗುತ್ತವೆ. ಅವೇ ಒಂದರೊಡನೊಂದು ಪೈಪೋಟಿಗೆ ಬೀಳುತ್ತವೆ. ಆತನ ಪುಟಗಳ ಸಂಖ್ಯೆ ಊದಿಕೊಂಡಿದ್ದಕ್ಕೆ ಒಂದು ಕಾರಣ ಇದಾಗಿತ್ತು. ನಾವು ಒಂದೇ ಪುಟದಲ್ಲಿ ಎರಡೂ ಹೆಸರನ್ನು ಬರೆದು, ಹಳೆಯ ಹೆಸರಿನ ವಿಳಾಸವನ್ನು ತಾನಾಗಿ ತಿರುಗುವಂತೆ ಹೊಸದಕ್ಕೆ ರೀಡೈರೆಕ್ಟ್ ಮಾಡಿದೆವು.

ಎರಡು ಕ್ರಾಲ್‌ಗಳನ್ನು ಹೋಲಿಸುವ ಸೌಲಭ್ಯದ ಬೆಲೆ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಮೂರು ತಿಂಗಳಿಗೊಮ್ಮೆ ಎದುರಾಳಿಗಳ ಸೈಟ್‌ಮ್ಯಾಪ್ ಕ್ರಾಲ್ ಮಾಡಿ ಉಳಿಸಿಟ್ಟುಕೊಂಡರೆ, ಹೊಸದಾಗಿ ಬಂದ ಪುಟಗಳು ಯಾವುವು, ಹಿಂದೆ ಇದ್ದು ಈಗ ಕಾಣದವು ಯಾವುವು ಎಂದು ತಂತ್ರಾಂಶವೇ ಬೇರ್ಪಡಿಸಿ ತೋರಿಸುತ್ತದೆ. ಮೊದಮೊದಲು ನಾನು ಹೊಸ ಪುಟಗಳನ್ನಷ್ಟೇ ನೋಡುತ್ತಿದ್ದೆ. ಕಾಣೆಯಾದ ಪುಟಗಳ ಪಟ್ಟಿ ಅದಕ್ಕಿಂತ ಹೆಚ್ಚು ಮಾತನಾಡುತ್ತದೆ ಎಂಬುದು ಹೊಳೆದದ್ದು 2024ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಗೆ, ಬಳಕೆದಾರರಿಗೆ ಉಪಯೋಗವಿಲ್ಲದೆ ಶ್ರೇಯಾಂಕಕ್ಕಾಗಿಯೇ ಭಾರೀ ಪ್ರಮಾಣದಲ್ಲಿ ಪುಟಗಳನ್ನು ಸೃಷ್ಟಿಸುವುದನ್ನು ಸೇರಿಸಿತು. ಮನುಷ್ಯ ಬರೆದರೂ ಸರಿ, ಯಂತ್ರ ಬರೆದರೂ ಸರಿ, ನಿಯಮ ಒಂದೇ ಎಂದು ಸ್ಪಷ್ಟಪಡಿಸಿತು. ಅಚ್ಚಿನ ಪುಟಗಳ ಮೇಲೆ ಗೂಗಲ್‌ನ ಕಣ್ಣು ಹಳೆಯದೇ: 2011ರಲ್ಲಿ ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸುವ ಪಾಂಡಾ ಅಪ್‌ಡೇಟ್ ಬಂದಿತ್ತು, ಒಂದೇ ಕಡೆಗೆ ದಾರಿ ತೋರುವ ಊರುವಾರು ಬಾಗಿಲು ಪುಟಗಳ ಬಗ್ಗೆ 2015ರಲ್ಲಿ ಮತ್ತೆ ಎಚ್ಚರಿಸಿತ್ತು. 2024ರ ಬೇಸಿಗೆಯ ಕ್ರಾಲನ್ನು ಹಿಂದಿನದರೊಂದಿಗೆ ಹೋಲಿಸಿದಾಗ, ನಮ್ಮ ಪ್ರತಿಸ್ಪರ್ಧಿಯೊಬ್ಬ ಚಿಕ್ಕ ಊರುಗಳ ನಡುವಿನ ಮಾರ್ಗಗಳ ಪುಟಗಳನ್ನೆಲ್ಲ ತೆಗೆದಿದ್ದು ಕಂಡಿತು. ಉಳಿಸಿಕೊಂಡವುಗಳಲ್ಲಿ ದರ ಮತ್ತು ಗ್ರಾಹಕರ ಅಭಿಪ್ರಾಯಗಳ ಕಂಬಸಾಲುಗಳು ತುಂಬಿದ್ದವು. ಪೆಟ್ಟು ತಿಂದು ತೆಗೆದನೋ ಮುಂಜಾಗ್ರತೆಯಿಂದ ತೆಗೆದನೋ ಕ್ರಾಲ್ ಹೇಳುವುದಿಲ್ಲ. ಯಾವ ಗೆರೆಯ ಕೆಳಗಿನ ಪುಟಗಳು ಅವನಿಗೇ ಬೇಡವಾದವು ಎಂಬುದು ಮಾತ್ರ ಕೋಷ್ಟಕದಲ್ಲಿ ಎದ್ದು ಕಾಣುತ್ತಿತ್ತು. ನಮ್ಮ ಸೈಟಿಗೆ ಗೆರೆ ಎಳೆದುಕೊಂಡದ್ದು ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ: ನಮ್ಮ ಗಾಡಿ ಒಮ್ಮೆಯಾದರೂ ಓಡದ ಮಾರ್ಗಕ್ಕೆ ಪುಟ ಬೇಡ.

ತಂತ್ರಾಂಶಕ್ಕೆ ಮಿತಿಗಳಿವೆ. ಎದುರಾಳಿಯ ಯಾವ ಪುಟಕ್ಕೆ ಎಷ್ಟು ಜನ ಬರುತ್ತಾರೆ ಎಂದು ಇದು ಹೇಳದು. ಅದು ಇದರ ಕೆಲಸವೂ ಅಲ್ಲ. ಆ ಕೊರತೆ ತುಂಬಲು ಬೇರೊಂದು ಚಂದಾ ಸೇವೆಯನ್ನು ಒಂದು ವರ್ಷ ಬಳಸಿದೆವು. ನಮ್ಮದೇ ಸೈಟಿನ ಬಗ್ಗೆ ಆ ಸೇವೆ ಕೊಟ್ಟ ಅಂದಾಜನ್ನು ಗೂಗಲ್ ಸೈಟಿನ ಒಡೆಯರಿಗೆ ಕೊಡುವ ಸರ್ಚ್ ಕನ್ಸೋಲ್‌ನ ನಿಜವಾದ ಅಂಕಿಗಳ ಪಕ್ಕ ಇಟ್ಟಾಗ ಎರಡಕ್ಕೂ ನಂಟೇ ಇರಲಿಲ್ಲ. ಕನ್ನಡದ ಹುಡುಕಾಟಗಳನ್ನಂತೂ ಅದು ಕಂಡೇ ಇಲ್ಲವೆನ್ನುವಂತಿತ್ತು. ನಮ್ಮ ವಿಷಯದಲ್ಲೇ ಹೀಗಾದರೆ ಬೇರೆಯವರ ಬಗ್ಗೆ ನಂಬುವುದು ಹೇಗೆ ಎಂದು ನವೀಕರಿಸಲಿಲ್ಲ. ಪುಟಗಳನ್ನು ಜಾವಾಸ್ಕ್ರಿಪ್ಟ್ ಕಟ್ಟಿಕೊಡುವ ಸೈಟ್‌ಗಳಲ್ಲಿ ಪುಟವನ್ನು ಬ್ರೌಸರ್‌ನಂತೆ ಪೂರ್ತಿ ಕಟ್ಟಿ ಓದುವ ರೆಂಡರಿಂಗ್ ಆಯ್ಕೆಯನ್ನು ಹಾಕಲೇಬೇಕು. ಹಾಕಿದರೆ ಕ್ರಾಲ್ ಆಮೆಯಾಗುತ್ತದೆ. ಕನ್ನಡ ಲಿಪಿಯ ಯುಆರ್‌ಎಲ್‌ಗಳು ಎನ್‌ಕೋಡ್ ಆಗಿ, ಅಂದರೆ ಶೇಕಡಾ ಗುರುತಿನ ಸಂಕೇತಗಳಾಗಿ, ಬಂದರೆ ಒಂದೊಂದು ಅಕ್ಷರಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುವುದರಿಂದ 'ಮೈಸೂರು' ಎಂಬ ಪುಟ್ಟ ಹೆಸರು 54 ಚಿಹ್ನೆಗಳ ಗೋಜಲಾಗುತ್ತದೆ. ಅಂಥ ಪಟ್ಟಿಯನ್ನು ಎಕ್ಸೆಲ್‌ಗೆ ತರುವ ಮೊದಲು ಬಿಡಿಸಿಕೊಳ್ಳಬೇಕು. ಎಕ್ಸ್‌ಪಾತ್ ಕಲಿಯದವರಿಗೆ ಈ ತಂತ್ರಾಂಶದ ಅರ್ಧದಷ್ಟು ಉಪಯೋಗ ದಕ್ಕುವುದಿಲ್ಲ. ನನಗೆ ಅದು ಕೈಹಿಡಿಯಲು ಒಂದು ತಿಂಗಳಾಯಿತು. ಎದುರಾಳಿ ವಿನ್ಯಾಸ ಬದಲಿಸಿದಾಗಲೆಲ್ಲ ಬರೆದ ಎಕ್ಸ್‌ಪಾತ್ ಸಾಲುಗಳು ಮುರಿದು ಬೀಳುತ್ತವೆ, ಮತ್ತೆ ಬರೆಯಬೇಕು.

ಇನ್ನೊಂದು ಮಾತು ಮರ್ಯಾದೆಗೆ ಸಂಬಂಧಿಸಿದ್ದು. ತಂತ್ರಾಂಶ ತಾನಾಗಿ ರೋಬೋಟ್ಸ್ ಕಡತದ ನಿಯಮಗಳನ್ನು ಪಾಲಿಸುತ್ತದೆ. ಅದನ್ನು ಉಪೇಕ್ಷಿಸುವ ಆಯ್ಕೆ ಇದ್ದರೂ ನಾನು ಮುಟ್ಟುವುದಿಲ್ಲ. ಒಮ್ಮೆಗೆ ಐದು ಎಳೆಗಳಲ್ಲಿ ಪುಟ ತರುವುದು ಇದರ ಮೂಲ ವೇಗ. ನಮ್ಮಂಥದೇ ಸಣ್ಣ ಸಂಸ್ಥೆಯ ಅಗ್ಗದ ಸರ್ವರ್ ಅದನ್ನು ತಾಳದಿರಬಹುದೆಂದು ಸೆಕೆಂಡಿಗೆ ಒಂದು ಪುಟದಂತೆ ತಗ್ಗಿಸಿ, ರಾತ್ರಿ ಹೊತ್ತಿನಲ್ಲಿ ಓಡಿಸುತ್ತೇನೆ. ಹೆಕ್ಕಿದ ಮಾಹಿತಿಯನ್ನು ಹೋಲಿಕೆಗೆ ಬಳಸುತ್ತೇನೆಯೇ ಹೊರತು ನಮ್ಮ ಪುಟಗಳಿಗೆ ಎತ್ತಿಕೊಂಡಿಲ್ಲ.

ಈ ವರ್ಷವೂ ಲೈಸೆನ್ಸ್ ನವೀಕರಿಸಿದ್ದೇನೆ. ಐದು ನಕ್ಷತ್ರಗಳಲ್ಲಿ ನಾಲ್ಕು ಕೊಡುತ್ತೇನೆ. ಒಂದನ್ನು ಕಳೆದದ್ದು ಕಲಿಕೆಯ ಕಡಿದಾದ ದಾರಿಗೆ. ನಿಮ್ಮ ಸೈಟೂ ಎದುರಾಳಿಯ ಸೈಟೂ 500 ಪುಟಗಳೊಳಗೆ ಇದ್ದು, ಶೀರ್ಷಿಕೆ ಮತ್ತು ಮುರಿದ ಕೊಂಡಿಗಳನ್ನಷ್ಟೇ ನೋಡಬೇಕಿದ್ದರೆ ಉಚಿತ ಆವೃತ್ತಿಯೇ ಸಾಕು. ಅಚ್ಚಿನ ಪುಟಗಳ ಬೆನ್ನು ಹತ್ತುವವರು ಕೊಂಡ ದಿನವೇ ಡೇಟಾಬೇಸ್ ವಿಧಾನದಲ್ಲಿದೆಯೇ ಎಂದು ನೋಡಿಕೊಂಡು, ಎದುರಾಳಿಗಳ ಮೊದಲ ಕ್ರಾಲನ್ನು ಮಾಡಿ ಉಳಿಸಿಬಿಡಿ. ಆರು ತಿಂಗಳ ಬಳಿಕ ಹೋಲಿಸಲು ಹಳೆಯದೊಂದು ಇರಲೇಬೇಕಲ್ಲ. ನನ್ನ ಬಳಿ ಮೊದಲ ಎರಡು ವರ್ಷದ್ದು ಇಲ್ಲ.