ವಾರ್ಸಾ ರಾಜಭವನದ ಕ್ಯಾನಲೆಟ್ಟೊ ಕೋಣೆ: ನಗರವನ್ನು ಮತ್ತೆ ಕಟ್ಟಿಸಿದ ಚಿತ್ರಗಳು

ಎರಡನೇ ಮಹಾಯುದ್ಧದ ನಂತರದ ಪೋಲೆಂಡ್ ರಾಜಧಾನಿ ವಾರ್ಸಾವನ್ನು ಅರಿಯಲು ಬಯಸುವ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮೊದಲು ನೋಡಬೇಕಾದದ್ದು ಈ ಕೋಣೆಯನ್ನೇ. ಕ್ಯಾನಲೆಟ್ಟೊ ಎಂದೂ ಕರೆಸಿಕೊಂಡ ಇಟಲಿಯ ಚಿತ್ರಕಾರ ಬೆರ್ನಾರ್ಡೊ ಬೆಲ್ಲೊಟ್ಟೊ 1770ರ ದಶಕದಲ್ಲಿ ಪೋಲೆಂಡಿನ ದೊರೆ ಸ್ಟಾನಿಸ್ವಾಫ್ ಆಗಸ್ಟನಿಗಾಗಿ ಬರೆದ 22 ನಗರದೃಶ್ಯಗಳು ಇಲ್ಲಿವೆ. ಹಳೆ ಪಟ್ಟಣದ 85%ಕ್ಕೂ ಹೆಚ್ಚು ಭಾಗ ನೆಲಸಮವಾದ ಮೇಲೆ, 1945ರಲ್ಲಿ ಶುರುವಾದ ರಾಜಧಾನಿ ಪುನರ್ನಿರ್ಮಾಣ ಕಚೇರಿಯವರಿಗೆ ಕಿಟಕಿಯ ಅಂಚು, ಕಾರ್ನಿಸ್ (ಗೋಡೆಯ ಮೇಲಂಚಿನ ಚಾಚುಪಟ್ಟಿ), ಛಾವಣಿಯ ಇಳಿಜಾರುಗಳಿಗೆ ಇವು ಆಧಾರವಾದವು.

ಚಿತ್ರಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಎದುರಿನ ದೃಶ್ಯವನ್ನು ಬಿಂಬವಾಗಿ ಮೂಡಿಸುವ ಕತ್ತಲ ಪೆಟ್ಟಿಗೆ, ಕ್ಯಾಮೆರಾ ಅಬ್ಸ್ಕ್ಯೂರಾ ಬಳಸಿದರೂ ಬೆಲ್ಲೊಟ್ಟೊ ಅಲ್ಲಲ್ಲಿ ಕಟ್ಟಡಗಳನ್ನು ಚೆಂದಗಾಣಿಸಿದ್ದಾನೆ. ಯುದ್ಧಕ್ಕೆ ಮುಂಚೆ ಅಳತೆ ಹಿಡಿದು ಬರೆದ ನಕ್ಷೆಗಳಿಗೆ ಬೆಲೆ ಬಂದದ್ದು ಇದರಿಂದಲೇ. ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯವಾದ ಪಾಲಿಟೆಕ್ನಿಕ್‌ನ ಆ ಅಮೂಲ್ಯ ನಕ್ಷೆಗಳು ನಾಜಿಗಳ ಕಣ್ತಪ್ಪಿಸಿ ಉಳಿದವು. ಪುನರ್ನಿರ್ಮಾಣ ಕಚೇರಿಯ ಸ್ಮಾರಕ ವಿಭಾಗದ ಮುಖ್ಯಸ್ಥ ಯಾನ್ ಜಖ್ವಾತೊವಿಚ್ ಮುಂದೆ, ಯುದ್ಧಕಾಲದಲ್ಲಿ ಸಾಂಸ್ಕೃತಿಕ ಆಸ್ತಿಯನ್ನು ಕಾಯುವ 1954ರ ಹೇಗ್ ಒಪ್ಪಂದದ ನೀಲಿ ಗುರಾಣಿ ಲಾಂಛನವನ್ನೂ ಬರೆದ.

ಚಿತ್ರಗಳನ್ನು ನೋಡಿದ ಕೂಡಲೇ ಕ್ರಾಕೊವ್ಸ್ಕಿಯೆ ಪ್ಷೆಡ್ಮಿಯೆಶ್ಚಿಯೆ ಬೀದಿಗೆ ನಡೆಯಿರಿ. ಅಲ್ಲಲ್ಲಿ ನಿಲ್ಲಿಸಿರುವ ಪ್ರತಿಕೃತಿಗಳ ಪಕ್ಕ ನಿಂತು ಎದುರಿನ ಮನೆಯೊಂದಿಗೆ ಹೋಲಿಸಿ, ಮಹಡಿಗಳನ್ನು ಎಣಿಸಿ. ಮುಂಭಾಗ ಹದಿನೆಂಟನೇ ಶತಮಾನದ ರೂಪದ್ದು, ಹಿಂದಿನ ವಾಸದ ಜಾಗ 1950ರ ದಶಕದ್ದು. ಈ ಬೆಸುಗೆ ಕೋಣೆಯೊಳಗೆ ಮಾತ್ರ ನಿಂತರೆ ಕಾಣದು. ರಾಜಭವನವೂ 1971ರ ತೀರ್ಮಾನದ ನಂತರ ಮರುಕಟ್ಟಿದ್ದೇ. ಗೋಡೆಗಳಲ್ಲಿ ಕೂಡಿಸಿದ ಹಳೆಯ ಕಲ್ತುಂಡುಗಳನ್ನು ಹುಡುಕಲು ಮರೆಯಬೇಡಿ.