ಅನೇಕ್ ಕನ್ನಡ ಕಂಡೆನ್ಸ್ಡ್: ಕರಪತ್ರ ಮಾಡುವವನ ಮೂರು ವರ್ಷದ ಬಳಕೆ

ಜಾತ್ರೆ, ಯಕ್ಷಗಾನ, ಶಾಲಾ ವಾರ್ಷಿಕೋತ್ಸವಗಳ ಕರಪತ್ರ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ ನನ್ನದು. ನಮ್ಮಲ್ಲಿಗೆ ಬರುವ ಶೀರ್ಷಿಕೆಗಳು ಉದ್ದ, ಕಾಗದ ಚಿಕ್ಕದು. ಹಾಗಾಗಿ ಸಿಕ್ಕಿದ ದಪ್ಪ ಫಾಂಟನ್ನು ಅಡ್ಡಕ್ಕೆ ಹಿಂಡಿ ಕೂರಿಸುವುದೇ ವರ್ಷಗಳ ರೂಢಿಯಾಗಿತ್ತು. ಹಿಂಡಿದಾಗ ನಿಂತ ಗೆರೆಗಳು ಸಣಕಲಾಗಿ, ಮಲಗಿದ ಗೆರೆಗಳು ಮಾತ್ರ ಹಿಂದಿನ ದಪ್ಪದಲ್ಲೇ ಉಳಿದು, ಅಕ್ಷರಗಳು ವಿಕಾರವಾಗುತ್ತಿದ್ದವು.

ಮುಂಬೈಯ ಅಕ್ಷರವಿನ್ಯಾಸ ಸಂಸ್ಥೆ ಏಕ್ ಟೈಪ್ 2022ರಲ್ಲಿ ಹೊರತಂದ ಅನೇಕ್ ಫಾಂಟ್ ಬಳಗದ ಕನ್ನಡ ರೂಪ, ವೈಷ್ಣವಿ ಮೂರ್ತಿ ಅವರು ವಿನ್ಯಾಸಗೊಳಿಸಿದ್ದು, ನನ್ನನ್ನು ಈ ಹಿಂಡಾಟದಿಂದ ಬಿಡಿಸಿತು. ಇದರ ಅಗಲವನ್ನು 75ರಿಂದ 125ರವರೆಗೆ, ದಪ್ಪವನ್ನು 100ರಿಂದ 800ರವರೆಗೆ ಬೇಕಾದಲ್ಲಿ ನಿಲ್ಲಿಸಿಕೊಳ್ಳಬಹುದು; ಅಗಲ 75ರಲ್ಲಿ ನಿಂತಾಗಿನ ಕಿರಿದಾದ ರೂಪವೇ ಕಂಡೆನ್ಸ್ಡ್. ಮುಕ್ತ ಪರವಾನಗಿಯಾದ್ದರಿಂದ ವ್ಯಾಪಾರದ ಕೆಲಸಕ್ಕೂ ಹಣ ಕೊಡಬೇಕಾಗಿಲ್ಲ. ಒಂದು ಕರಪತ್ರಕ್ಕೆ ಕೆಲವೇ ನೂರು ರೂಪಾಯಿ ಕೂಲಿ ಪಡೆಯುವ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ.

ಪ್ರತಿದಿನ ನಾನು ಆಸೆಪಟ್ಟು ಮಾಡುವ ಕೆಲಸವೊಂದಿದೆ. 'ವಾರ್ಷಿಕೋತ್ಸವ' ಎಂದು ಟೈಪಿಸಿ, ದಪ್ಪವನ್ನು 800ಕ್ಕೆ ಏರಿಸಿ, ಅಗಲವನ್ನು ನಿಧಾನವಾಗಿ ಇಳಿಸುತ್ತಾ ಬರುತ್ತೇನೆ. ಸಾಲಿನಲ್ಲಿ ಒಂದಿಡೀ ಅಕ್ಷರದ ಜಾಗ ಕೇಳುವ ಅರ್ಕಾವೊತ್ತು ಷಿಯ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ತಕಾರದ ಕೆಳಗಿನ ಸಕಾರದ ಒತ್ತೂ ಅದರೊಡನೆ ಕಿರಿದಾಗುತ್ತದೆ, ಆದರೂ ಗೆರೆಗಳ ದಪ್ಪ ಎಲ್ಲಿಯೂ ಹದ ತಪ್ಪುವುದಿಲ್ಲ. ಬೀದಿಯ ಆಚೆ ಬದಿಯಿಂದಲೂ ಓದಿಸಿಕೊಳ್ಳುವ ಫ್ಲೆಕ್ಸ್ ಬ್ಯಾನರಿಗೆ ಇದಕ್ಕಿಂತ ಒಳ್ಳೆಯ ಅಕ್ಷರವನ್ನು ನಾನು ಬಳಸಿಲ್ಲ.

ಎರಡು ವರ್ಷ ಹೀಗೆ ಹೊಗಳುತ್ತಿದ್ದವನು ಕಳೆದ ಜಾತ್ರೆಯಲ್ಲಿ ಎಡವಿದೆ. ಶೀರ್ಷಿಕೆಗೆ ಒಪ್ಪಿದ ಅಕ್ಷರವನ್ನೇ ಒಳಗಿನ ಕಾರ್ಯಕ್ರಮ ಪಟ್ಟಿಗೂ 12 ಪಾಯಿಂಟಿನಲ್ಲಿ ಹಾಕಿದ್ದೆ. ತೆಳುವಾದ ಗುಲಾಬಿ ಕಾಗದದಲ್ಲಿ ಶಾಯಿ ಹರಡಿ, 'ರಥೋತ್ಸವ'ದ ಥಕಾರದ ಹೊಟ್ಟೆಯೊಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡಿತು. ಊರಿನ ಹಿರಿಯರೊಬ್ಬರು ಅದನ್ನು 'ರಧೋತ್ಸವ' ಎಂದೇ ಓದಿ ತೋರಿಸಿದರು. ಥ ಮತ್ತು ಧ ಅಕ್ಷರಗಳನ್ನು ಬೇರೆ ಮಾಡುವುದು ಆ ಚುಕ್ಕೆಯೊಂದೇ. ಅಷ್ಟು ದಪ್ಪದಲ್ಲಿ, ಅಷ್ಟು ಕಿರಿದಾಗಿ, ಅಷ್ಟು ಸಣ್ಣ ಗಾತ್ರದಲ್ಲಿ ಅದಕ್ಕೆ ಉಸಿರಾಡಲು ಜಾಗವಿರುವುದಿಲ್ಲ. ಎರಡು ಸಾಲಿನ ಶೀರ್ಷಿಕೆಯಲ್ಲಿಯೂ ಎಚ್ಚರ ಬೇಕು: ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಒತ್ತಕ್ಷರಗಳು ಕೆಳಗಿನ ಗುಡಿಸುಗಳಿಗೆ ತಾಗುತ್ತವೆ.

ಈಗ ಶೀರ್ಷಿಕೆಗೆ ಮಾತ್ರ 800 ಮತ್ತು 75ನ್ನು ಇಟ್ಟುಕೊಂಡಿದ್ದೇನೆ. ಪಟ್ಟಿಗೆ ದಪ್ಪವನ್ನು 500ಕ್ಕೆ ಇಳಿಸಿ, ಅಗಲವನ್ನು 100ಕ್ಕೆ ತರುತ್ತೇನೆ. ಮುದ್ರಣದ ಪ್ಲೇಟಿಗೆ ಕಳುಹಿಸುವ ಮುನ್ನ ನಿಜವಾದ ಗಾತ್ರದ ಪ್ರೂಫ್ ತೆಗೆದು, ಬಾಗಿಲ ಬೆಳಕಿನಲ್ಲಿ ಮೊದಲು ಥಕಾರದ ಚುಕ್ಕೆಯನ್ನು ಹುಡುಕುತ್ತೇನೆ.